ನಾಲ್ಕನೆಯ ಜೋಡಿ

ಮಾರ್ಚ್ ೧೩, ಬುಧವಾರ

ನಿನ್ನೆಯ ಊರಸಭೆಯಲ್ಲಿ ಹಳೆಯ ಗಿರಣಿಯ ಅಣೆಕಟ್ಟೆಯನ್ನು ಒಡೆಯಬೇಕೆಂದು ತೀರ್ಮಾನವಾಯಿತು. ಬರುವ ಬೇಸಿಗೆ ಮುಗಿಯುವ ಹೊತ್ತಿಗೆ ಕೆರೆ ಇರುವುದಿಲ್ಲ, ಹೊಳೆಯಷ್ಟೇ ಇರುತ್ತದೆ. ನಮ್ಮಲ್ಲಿ ಮತ ಹಾಕುವುದೆಂದರೆ ಎಲ್ಲರೆದುರು ಕೈ ಎತ್ತುವುದು. ಆದ್ದರಿಂದ ಯಾರ ಕೈ ಯಾವ ಪಕ್ಷಕ್ಕೆ ಏರಿತೆಂಬುದು ಇಡೀ ಊರಿಗೇ ಗೊತ್ತು. ಸಭೆ ಮುಗಿದ ಮೇಲೆ ಕೆರೆ ಉಳಿಯಲೆಂಬ ಕೆರೆಯವರು ಒಂದು ಬಾಗಿಲಿನಿಂದ ಹೊರಟರು, ಅಣೆಕಟ್ಟೆಯ ಕೆಳಗೆ ಹೊಳೆಯ ದಡದಲ್ಲಿ ವಾಸಿಸುವ ಕೆಳದಂಡೆಯವರು ಇನ್ನೊಂದರಿಂದ.

ನನ್ನ ಮನೆ ಕೆರೆಯ ದಡದಲ್ಲಿದೆ. ನೀರಿನ ಮೇಲಿಂದ ಮಂಜು ಏಳುವುದನ್ನು ಅಡುಗೆಮನೆಯ ಕಿಟಕಿಯಲ್ಲಿ ನೋಡುತ್ತ ಬೆಳಗಿನ ಕಾಫಿ ಕುಡಿಯುವುದು ನನ್ನ ಏಕೈಕ ಐಷಾರಾಮ. ಕೆರೆ ಉಳಿಯಲೆಂದು ಕೈ ಎತ್ತಿದೆ, ಸೋತೆ. ಹೀಗೆ ಸೋಲುವುದರಲ್ಲಿ ಅವಮಾನವೇನೂ ಇಲ್ಲ.

ಕೆಳದಂಡೆಯವರ ಪರವಾಗಿ ಎದ್ದು ಮಾತಾಡಿದವನು ಡೆಲ್ಬರ್ಟ್ ಪೈಕ್. ಹಿಂದಿನ ಪ್ರವಾಹದಲ್ಲಿ ಅವನ ಕೊಟ್ಟಿಗೆ ಕೊಚ್ಚಿಹೋಗಿತ್ತು. ಹಳೆಯ ಅಣೆಕಟ್ಟೆ ಎಂದಾದರೂ ತಾನಾಗಿ ಒಮ್ಮೆಲೇ ಒಡೆದುಹೋದರೆ ಮನೆಯೂ ಹೋಗುವುದೆಂಬ ಭಯ ಅವನಿಗೆ ಸಹಜ. ಆದರೆ "ಕೆಲವರ ಕಿಟಕಿ ಚೆಂದ ಕಾಣ್ಲಿ ಅಂತ ನಾವು ಮುಳುಗ್ಬೇಕಾ?" ಎಂದು ಕೇಳುವಾಗ ಅವನು ನನ್ನ ಕಡೆ ನೋಡಿದ್ದು ಅನಗತ್ಯವಾಗಿತ್ತು. ಅವನ ಮೇಲೆ ನನಗೆ ಕೋಪವಿಲ್ಲ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಮುಂದೆ ಯಾವಾಗಲಾದರೂ ನನಗೇ ಅನುಮಾನ ಬಂದರೆ ಇರಲಿ ಎಂದು.

ಬರುವ ತಿಂಗಳ ಮೊದಲ ಶನಿವಾರ ಊರಸಭೆ ನಡೆದ ಸಭಾಭವನದಲ್ಲೇ ತಿಂಗಳ ನೃತ್ಯವಿದೆ. ನ್ಯೂ ಹ್ಯಾಂಪ್‌ಶೈರಿನ ಈ ಮೂಲೆಯಲ್ಲಿ ಯುದ್ಧದ ಕಾಲದಲ್ಲೂ ನಿಲ್ಲದ ನೃತ್ಯ ಅದು. ಕರೆಗಾರನಾಗಿ ನಾನು ಹೆಜ್ಜೆಗಳನ್ನು ಕೂಗಿ ಹೇಳುತ್ತೇನೆ, ಪೈಕ್ ಪಿಟೀಲು ನುಡಿಸುತ್ತಾನೆ. ಒಂದೇ ವೇದಿಕೆಯಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ನಾವಿಬ್ಬರೂ ಯೌವನದಿಂದ ಇಲ್ಲಿಯವರೆಗೆ ನಿಂತು ಬಂದಿದ್ದೇವೆ.

ಮಾರ್ಚ್ ೨೨, ಶುಕ್ರವಾರ

ಇಂದು ಜೂನಿ ಕ್ವಿಂಬಿಗೆ ಪಾಠ. ಈ ಹುಡುಗಿ ದಿನವೂ ಶಾಲೆ ಬಿಟ್ಟ ಮೇಲೆ ಮೇವಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮನೆಯೂ ಆ ಅಂಗಡಿಯ ಮೇಲೆಯೇ, ಅಂದರೆ ಊರಿನ ನಟ್ಟನಡುವೆ. ಹಾಗಾಗಿ ಅವಳ ಮನೆಯವರನ್ನು ಕೆರೆಯವರೂ ಕೆಳದಂಡೆಯವರೂ ಸಮನಾಗಿ ಸಂದೇಹಿಸುತ್ತಾರೆ. ಎರಡು ವರ್ಷದ ಹಿಂದೆ ನೃತ್ಯ ಮುಗಿದ ಮೇಲೆ ನೇರವಾಗಿ ವೇದಿಕೆಗೆ ಬಂದು, "ಮೇಷ್ಟ್ರೇ, ಇದನ್ನ ನಂಗೂ ಹೇಳ್ಕೊಡಿ" ಎಂದಿದ್ದಳು. ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಕಾಲದಿಂದ ಊರಿಗೆಲ್ಲ ನಾನು ಮೇಷ್ಟ್ರೇ. ಆದರೆ ಅಷ್ಟು ಅಧಿಕಾರದಿಂದ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಕರೆಗಾರನ ಕೆಲಸ ನೋಡಲು ಸುಲಭ. ಹೆಜ್ಜೆ ಬೀಳುವುದಕ್ಕೆ ಸ್ವಲ್ಪ ಮುಂಚೆ ಮಾತು ಮುಗಿದಿರಬೇಕು. ಮಾತು ತಡವಾದರೆ ಕಾಲುಗಳು ಕಾಯುತ್ತವೆ, ಬೇಗವಾದರೆ ಓಡುತ್ತವೆ. ಜೂನಿ ತಡವಾಗುತ್ತಾಳೆ, ಏಕೆಂದರೆ ಅವಳ ಕಣ್ಣು ಕೈಯಲ್ಲಿರುವ ಚೀಟಿಯ ಮೇಲಿರುತ್ತದೆ. ಚೀಟಿಯನ್ನು ಕಸಿದುಕೊಂಡೆ. "ಬರಿಗೈಲಿ ನಿಂತ್ರೆ ಬಟ್ಟೆ ಇಲ್ದೆ ನಿಂತ ಹಾಗಾಗುತ್ತೆ" ಎಂದು ಗೊಣಗಿದಳು. ಆಮೇಲೆ ಒಂದು ನೃತ್ಯವನ್ನು ಪೂರ್ತಿ ಬರಿಗೈಯಲ್ಲೇ ಕರೆದಳು. ಆ ದನಿಯಲ್ಲಿ ಗದರಿಕೆಯಿಲ್ಲ, ಅಂಗಲಾಚುವಿಕೆಯೂ ಇಲ್ಲ. ಕೇಳುವಾಗ ಎದೆ ತುಂಬಿಬಂತು; ತೋರಿಸಿಕೊಳ್ಳಲಿಲ್ಲ.

ಗಂಟಲು ಮತ್ತೆ ಒರಟಾಗಿದೆ.

ಏಪ್ರಿಲ್ ೭, ಭಾನುವಾರ

ನಿನ್ನೆಯ ನೃತ್ಯ ಜಗಳವಿಲ್ಲದೆ ಮುಗಿಯಿತು. ಅದರ ಶ್ರೇಯಸ್ಸಿನ ಒಂದು ಪಾಲನ್ನು ನಾನು ವಿನಯದಿಂದಲೇ ತೆಗೆದುಕೊಳ್ಳುತ್ತೇನೆ.

ಬಂದವರು ಎಂದಿನ ಅರ್ಧದಷ್ಟು. ಕೆರೆಯವರು ಎಡಗೋಡೆಯ ಬೆಂಚುಗಳಲ್ಲಿ ಕುಳಿತರು, ಕೆಳದಂಡೆಯವರು ಬಲಗೋಡೆಯ ಬೆಂಚುಗಳಲ್ಲಿ. ಕೆರೆಯವರು ತಮ್ಮದೇ ಕಾಫಿಯ ಹಂಡೆಯನ್ನು ಮನೆಯಿಂದ ಹೊತ್ತು ತಂದಿದ್ದರು. ಇಂಥವರಿಂದ ಸಾಲುಕುಣಿತ ಮಾಡಿಸುವುದು ಹೇಗೆ? ಎರಡು ಉದ್ದ ಸಾಲುಗಳಲ್ಲಿ ಎದುರುಬದುರು ನಿಂತು ಮೇಲಿನವರು ಕೆಳಕ್ಕೂ ಕೆಳಗಿನವರು ಮೇಲಕ್ಕೂ ಸರಿಯುತ್ತ ಹೋಗುವುದೇ ಅದರ ನಿಯಮ. ಒಂದು ಹಾಡು ಮುಗಿಯುವಷ್ಟರಲ್ಲಿ ಸಾಲಿನ ಪ್ರತಿಯೊಬ್ಬನೂ ಪ್ರತಿಯೊಬ್ಬನ ಕೈಯನ್ನು ಹಿಡಿದಿರುತ್ತಾನೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆದ್ದರಿಂದ ಸಂಜೆಯೆಲ್ಲ ಚೌಕಗಳನ್ನೇ ಕರೆದೆ. ಚೌಕಕ್ಕೆ ನಾಲ್ಕೇ ಜೋಡಿ, ಬದಿಗೊಂದು. ತಮಗೆ ಬೇಕಾದ ನಾಲ್ಕು ಜೋಡಿ ಸೇರಿಕೊಂಡರೆ ಪರರ ಕೈ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಎಡಕ್ಕೆ ಕೆರೆಯ ಚೌಕಗಳು, ಬಲಕ್ಕೆ ಕೆಳದಂಡೆಯ ಚೌಕಗಳು. ನಡುವೆ ಬರಿಯ ನೆಲ.

ಪ್ರತಿ ನೃತ್ಯಕ್ಕೂ ಮುಂಚೆ ಯಾವ ರಾಗವೆಂದು ಪಿಟೀಲಿನವನಿಗೆ ಹೇಳುವುದು ವಾಡಿಕೆ. ಜೂನಿಯ ಮೂಲಕ ಹೇಳಿಸಿದೆ. ಗಂಟಲು ನೋಯುತ್ತಿತ್ತು, ಅದಕ್ಕಾಗಿ. ಅವನೂ ಅವಳ ಮೂಲಕವೇ ಉತ್ತರಿಸಿದ. ಅವನ ಗಂಟಲಿಗೇನಾಗಿತ್ತೋ ನನಗೆ ತಿಳಿಯದು.

ಕೊನೆಯ ಚೌಕದ ನಡುವೆ ನನ್ನ ದನಿ ಹರಿದು ನಿಂತುಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ. ಜೂನಿ ಮೈಕ್ ತೆಗೆದುಕೊಂಡು ಒಂದು ಹೆಜ್ಜೆಯೂ ತಪ್ಪದಂತೆ ಉಳಿದದ್ದನ್ನು ಮುಗಿಸಿದಳು.

ಏಪ್ರಿಲ್ ೧೨, ಶುಕ್ರವಾರ

ಗಂಟಲಲ್ಲಿ ಬೆಳೆದಿದ್ದ ಗಂಟನ್ನು ನಿನ್ನೆ ತೆಗೆದರು. ಕೇಡಿನದ್ದಲ್ಲವಂತೆ. ಮೇ ತಿಂಗಳು ಹುಟ್ಟುವವರೆಗೆ ಒಂದು ಮಾತೂ ಆಡಕೂಡದು, ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು ಎಂದು ವೈದ್ಯೆಯ ಅಪ್ಪಣೆ. ಮಕ್ಕಳ ಸ್ಲೇಟೊಂದನ್ನು ಕೊರಳಿಗೆ ಕಟ್ಟಿಕೊಂಡಿದ್ದೇನೆ. ಸ್ಲೇಟಿನಲ್ಲಿ ಹಿಡಿಸದ ಮಾತೆಲ್ಲ ಇನ್ನು ಈ ಪುಟಗಳಿಗೇ.

ಸಂಜೆ ವರ್ನಾ ಬಂದಳು. ನೃತ್ಯಕ್ಕೆ ಪಿಯಾನೋ ನುಡಿಸುವವಳು ಅವಳೇ, ಸಭಾಭವನದ ಸಮಿತಿಯ ಅಧ್ಯಕ್ಷತೆಯೂ ಅವಳದೇ. ಒಲೆಯ ಮೇಲೆ ಹುರುಳಿ ಬೇಯುವ ಮಡಕೆಯ ಮುಚ್ಚಳ ತೆಗೆದು ನೋಡಿ, ಉಪ್ಪು ಹಾಕಿ, ಆಮೇಲೆ ಸುದ್ದಿ ಹೇಳಿದಳು. ಸಮಿತಿಯಲ್ಲಿ ಎರಡೂ ಪಕ್ಷದವರಿದ್ದಾರೆ, ಮತ್ತು ಈ ವರ್ಷ ಮೊದಲ ಬಾರಿಗೆ ಒಂದು ವಿಷಯದಲ್ಲಿ ಅವರು ಒಮ್ಮತಕ್ಕೆ ಬಂದಿದ್ದಾರೆ: ಮೇ ತಿಂಗಳ ನೃತ್ಯವೂ ಏಪ್ರಿಲಿನ ಹಾಗೇ ಆದರೆ ಮೊದಲ ಶನಿವಾರದ ನೃತ್ಯವನ್ನು ನಿಲ್ಲಿಸಿಬಿಡುವುದು.

ಏಪ್ರಿಲಿನದು ಶಾಂತವಾಗಿಯೇ ಇತ್ತಲ್ಲ ಎಂದು ಸ್ಲೇಟಿನಲ್ಲಿ ಬರೆದೆ.

"ಸ್ಮಶಾನವೂ ಶಾಂತವಾಗೇ ಇರುತ್ತೆ, ಆರ್ಲೋ" ಎಂದಳು.

ಮೇ ತಿಂಗಳ ಸಂಜೆಯನ್ನು ಜೂನಿಯೇ ಕರೆಯಬೇಕು; ಬೇರೆ ಯಾರಿದ್ದಾರೆ? ಹದಿನೇಳರ ಹುಡುಗಿಯ ಮೊದಲ ಸಂಜೆಯೇ ಊರಿನ ಕೊನೆಯ ಸಂಜೆಯೂ ಆಗಿಬಿಟ್ಟರೆ, ನೃತ್ಯವನ್ನು ಮುಳುಗಿಸಿದವಳೆಂಬ ಹೆಸರು ಅವಳಿಗೆ ಜೀವಮಾನವಿಡೀ ಅಂಟಿಕೊಳ್ಳುತ್ತದೆ. ಹಾಗಾಗಲು ನಾನು ಬಿಡುವುದಿಲ್ಲ.

ಏಪ್ರಿಲ್ ೧೮, ಗುರುವಾರ

ಜೂನಿಯೊಡನೆ ಜಗಳ, ನನ್ನ ಪಾಲಿನದು ಸ್ಲೇಟಿನಲ್ಲಿ. ಮೇ ತಿಂಗಳಿಗೆ ಚೌಕಗಳೇ ಕ್ಷೇಮ, ಅವರವರು ಅವರವರಲ್ಲೇ ಕುಣಿಯಲಿ, ನಿನ್ನ ಮೊದಲ ಸಂಜೆ ಸುಸೂತ್ರವಾಗಲಿ ಎಂದು ಬರೆದೆ. ಓದಿದಳು. ಸ್ಲೇಟನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿದಳು.

"ಮೇಷ್ಟ್ರೇ, ಜಗಳ ಆಗ್ಬಾರ್ದು ಅಂತ ನೀವು ಕರೆದ್ರಿ. ಅವರು ಕುಣೀಲಿ ಅಂತ ನಾನು ಕರೀತೀನಿ."

ನಾನು ಬರೆಯಲು ಸೀಮೆಸುಣ್ಣ ಹುಡುಕುವಷ್ಟರಲ್ಲಿ ಹೊರಟುಹೋಗಿದ್ದಳು. ಕಿರಿಯರೊಡನೆ ಮೂಕನಾಗಿ ವಾದಿಸುವುದು ಬಹಳ ಕಷ್ಟ.

ಏಪ್ರಿಲ್ ೨೪, ಬುಧವಾರ

ಹುಡುಗಿ ಮತ್ತೆ ಬಂದಳು, ಸಭಾಭವನದ ಅಡುಗೆಮನೆಗೆ. ಅಜ್ಜಿಯ ಮದುವೆಯ ಹಳೆಯ ಫೋಟೋವೊಂದರಲ್ಲಿ ಜನ ಎಂಟೆಂಟು ಮಂದಿ ಸಾಲಾಗಿ ನಡೆಯುವುದನ್ನು ಕಂಡಳಂತೆ, ಇದೇನೆಂದು ಕೇಳಿದಳು. ದೊಡ್ಡ ಮೆರವಣಿಗೆ, ಎಂದು ಬರೆದೆ. ಹಿಂದೆ ಮದುವೆಗಳಲ್ಲಿ ನೃತ್ಯ ಆರಂಭವಾಗುತ್ತಿದ್ದದ್ದೇ ಹಾಗೆ. ಜೋಡಿಗಳು ಒಂದರ ಹಿಂದೊಂದು ನಡೆದು, ಎಡಕ್ಕೊಂದು ಬಲಕ್ಕೊಂದು ಒಡೆದು, ಸುತ್ತಿಬಂದು ನಾಲ್ವರ ಸಾಲಾಗಿ, ಮತ್ತೆ ಒಡೆದು ಮತ್ತೆ ಸೇರಿ ಎಂಟು ಮಂದಿಯ ಸಾಲಾಗುತ್ತವೆ. ಆ ಎಂಟು ಮಂದಿ ನಿಂತಲ್ಲೇ ಬಾಗಿ ಸೇರಿಕೊಂಡರೆ ಒಂದು ಚೌಕ.

ಅವಳ ಕಣ್ಣು ಹೊಳೆಯಿತು. "ಅಂದ್ರೆ ಯಾರು ಯಾರ ಜೊತೆ ಅಂತ ಅವರು ಆರಿಸೋ ಹಾಗೇ ಇಲ್ಲ!"

ಇಲ್ಲಿ ಅವಳ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಕರ್ತವ್ಯವಾಯಿತು. ಊಟದ ಮೇಜುಗಳಿಗೆಂದು ಬುಟ್ಟಿಯಲ್ಲಿ ಇಟ್ಟಿರುವ ಉಪ್ಪಿನ ಮತ್ತು ಮೆಣಸಿನ ಪುಟ್ಟ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಉಪ್ಪು ಕೆರೆಯವರು, ಮೆಣಸು ಕೆಳದಂಡೆಯವರು, ಒಂದೊಂದು ಡಬ್ಬಿ ಒಂದೊಂದು ಜೋಡಿ. ನಮ್ಮವರು ನಿಲ್ಲುವ ಹಾಗೇ ನಿಲ್ಲಿಸಿದೆ: ಮುಂದೆ ಉಪ್ಪುಗಳೆಲ್ಲ, ಹಿಂದೆ ಮೆಣಸುಗಳೆಲ್ಲ. ಎಡಕ್ಕೊಂದು ಬಲಕ್ಕೊಂದು ನಡೆಸಿದೆ, ಸುತ್ತಿಸಿ ತಂದೆ. ಉಪ್ಪಿನ ಪಕ್ಕಕ್ಕೆ ಉಪ್ಪೇ ಬಂತು. ಮತ್ತೆ ಒಡೆದು ಸೇರಿಸಿದೆ. ಉಪ್ಪಿನ ಚೌಕ, ಮೆಣಸಿನ ಚೌಕ. ಮೆರವಣಿಗೆ ಪಕ್ಕದವರನ್ನು ಪಕ್ಕದವರಿಗೇ ಮರಳಿ ಕೊಡುತ್ತದೆ ಎಂದು ಸ್ಲೇಟಿನಲ್ಲಿ ಬರೆದು ಅಡಿಗೆರೆ ಎಳೆದೆ. ಗೆದ್ದೆನೆಂಬ ತೃಪ್ತಿಯಿಂದ ಕಾಫಿ ಬಗ್ಗಿಸಿಕೊಂಡೆ.

ಜೂನಿ ಡಬ್ಬಿಗಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಉಪ್ಪನ್ನೆಲ್ಲ ಮೇಜಿನ ಎಡ ಅಂಚಿಗೆ ಸರಿಸಿದಳು, ಮೆಣಸನ್ನೆಲ್ಲ ಬಲ ಅಂಚಿಗೆ. "ಅವರು ಸಾಲಾಗಿ ಎಲ್ಲಿ ನಿಂತಿದಾರೆ, ಮೇಷ್ಟ್ರೇ? ಎರಡು ಗೋಡೆಗೆ ಅಂಟ್ಕೊಂಡು ಕೂತಿದಾರೆ. ಇರ್ಲಿ ಬಿಡಿ. ಅಲ್ಲಿಂದಾನೇ ಎಬ್ಬಿಸ್ತೀನಿ." ಎರಡು ಅಂಚಿನಿಂದಲೂ ಒಟ್ಟಿಗೆ ಎರಡು ಮೆರವಣಿಗೆ ಹೊರಡಿಸಿದಳು. ಮೇಜಿನ ತುದಿಯಲ್ಲಿ ಅವು ಎದುರಾಗಿ, ತಿರುಗಿ, ನಡುವೆ ಜೊತೆಯಾಗಿ ಬಂದವು: ಉಪ್ಪಿನ ಪಕ್ಕ ಮೆಣಸು, ಉಪ್ಪಿನ ಪಕ್ಕ ಮೆಣಸು. ಕೊನೆಗೆ ಯಾವ ಚೌಕ ನೋಡಿದರೂ ಎರಡು ಉಪ್ಪು, ಎರಡು ಮೆಣಸು.

ಜನ ಬೇರೆಬೇರೆಯಾಗಿ ಕುಳಿತಿರುವುದನ್ನೇ ಅವರನ್ನು ಸೇರಿಸುವ ಸಾಧನ ಮಾಡಿಕೊಂಡಿದ್ದಳು. ಇಷ್ಟು ವರ್ಷ ಈ ಕೆಲಸ ಮಾಡಿದ ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಮನೆಗೆ ಬರುವಾಗ ಕೆಸರಿನ ದಾರಿಯಲ್ಲಿ ಎರಡು ಸಲ ನಿಂತು ತಲೆಯಾಡಿಸಿದೆ. ಆದರೂ ಸ್ಲೇಟಿನಲ್ಲಿ 'ಬೇಡ' ಎಂದೇ ಬರೆದು ಬಂದಿದ್ದೇನೆ. ಡಬ್ಬಿಗಳು ತಳ್ಳಿದತ್ತ ಹೋಗುತ್ತವೆ, ಮನುಷ್ಯರು ಹಾಗಲ್ಲ.

ಏಪ್ರಿಲ್ ೨೯, ಸೋಮವಾರ

ಜೂನಿ ಬರಲಿಲ್ಲ. ರಾಗಗಳನ್ನು ಗೊತ್ತುಮಾಡಲು ಪೈಕ್‌ನ ಮನೆಗೆ ಹೋಗಿದ್ದಾಳಂತೆ. ಹೋಗಲಿ.

ಮೇ ೨, ಗುರುವಾರ

ವೈದ್ಯೆ ದಿನಕ್ಕೆ ನಾಲ್ಕು ಮೆದು ಮಾತಿಗೆ ಅನುಮತಿ ಕೊಟ್ಟಿದ್ದಾಳೆ. ಯಾವ ನಾಲ್ಕೆಂದು ಯೋಚಿಸುವುದರಲ್ಲೇ ಬೆಳಗು ಕಳೆಯಿತು.

ಜೂನಿ ಅಂಗಡಿಯ ಕೆಲಸ ಮುಗಿಸಿ, ಕೂದಲಲ್ಲಿ ಹುಲ್ಲಿನ ಚೂರುಗಳೊಡನೆ ಬಂದಳು. ಮೆರವಣಿಗೆಯ ತಾಲೀಮನ್ನು ಡೆಲ್ಬರ್ಟ್‌ನೊಂದಿಗೆ ಮಾಡಿದ್ದಾಳೆ. ಅವನಿಗೆ ಉಪಾಯ ಹಿಡಿಸಿತಂತೆ; ನುಡಿಸುತ್ತ ನುಡಿಸುತ್ತ ನಕ್ಕನಂತೆ. ನನ್ನ ಗಂಟಲು ಹೇಗಿದೆಯೆಂದು ಎರಡೆರಡು ಸಲ ಕೇಳಿದನಂತೆ. ಚೆನ್ನಾಗಿದೆಯೆಂದು ಹೇಳು, ಎಂದು ಸ್ಲೇಟಿನಲ್ಲಿ ಬರೆದೆ. ಅದು ಬಹಳ ಬೋಳಾಗಿ ಕಂಡಿತು. ಒರೆಸಿ, ಗಂಟು ಕೇಡಿನದ್ದಲ್ಲವೆಂದು ಹೇಳು, ಎಂದು ಬರೆದೆ.

"ನೀವೇ ಹೇಳ್ಬಹುದಲ್ಲ? ನಾನೇನು ನಿಮ್ಮಿಬ್ಬರ ಅಂಚೆಯವಳಾ?" ಎಂದಳು. ಕೈಬೆರಳುಗಳನ್ನು ಹಿಸುಕಿಕೊಳ್ಳುತ್ತಿದ್ದಳು. ಜನ ಎದ್ದೇ ಬರದಿದ್ದರೆ ಏನು ಮಾಡಲಿ ಎಂದು ಕೇಳಿದಳು. ನಡುವೆ ನಿಂತುಬಿಟ್ಟರೆ, ಯಾರಾದರೂ ಕೂಗಾಡಿದರೆ, ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದರೆ?

ನಾಲ್ಕು ಮಾತಿನಲ್ಲಿ ಎರಡನ್ನು ಅವಳಿಗೆ ಕೊಟ್ಟೆ. "ಕಾಲು ನೋಡು" ಎಂದೆ.

ನನ್ನ ದನಿ ನನಗೇ ಅಪರಿಚಿತವಾಗಿತ್ತು. ಹುಡುಗಿ ಮೂಗೊರೆಸಿಕೊಂಡು, ನಗುತ್ತ ಹೊರಟಳು. ಮೆರವಣಿಗೆ ಬೇಡವೆಂದು ಮತ್ತೆ ಬರೆಯಬೇಕೆಂದಿದ್ದೆ, ಮರೆತುಹೋಯಿತು.

ಮೇ ೫, ಭಾನುವಾರ

ನಿನ್ನೆಯದನ್ನು ಕ್ರಮವಾಗಿ ಬರೆಯಬೇಕು.

ಬಂದ ಜನ ನೋಡಿ ಬೆರಗಾದೆ. ನೃತ್ಯಕ್ಕಿಂತ ಹೆಚ್ಚಾಗಿ, ನೃತ್ಯ ಹೇಗೆ ಸಾಯುತ್ತದೆಂದು ನೋಡಲು ಬಂದಂತಿತ್ತು. ಕೆರೆಯವರು ಎಡಕ್ಕೆ, ಕೆಳದಂಡೆಯವರು ಬಲಕ್ಕೆ. ಎರಡು ಕಾಫಿ ಹಂಡೆ. ಈ ಸಲ ಡೋನಟ್ ತಟ್ಟೆಗಳೂ ಎರಡು. ನಾನು ಕೆರೆಯವರ ಕಡೆ ಕುಳಿತೆ, ಅಲ್ಲಿ ಗಾಳಿ ಕಡಿಮೆ. ವೇದಿಕೆಯ ಮೇಲೆ ವರ್ನಾ, ಡೆಲ್ಬರ್ಟ್ ಮತ್ತು ನಡುವೆ ಜೂನಿ. ಅವಳ ಕೈಯಲ್ಲಿ ಚೀಟಿಯಿರಲಿಲ್ಲ.

ಸ್ವಾಗತ ಭಾಷಣವಿಲ್ಲದೆ ನೇರವಾಗಿ ಶುರುಮಾಡಿದಳು. ಜೋಡಿಯ ಕೈ ಹಿಡಿದು ಕುಳಿತಲ್ಲೇ ಎದ್ದುನಿಲ್ಲಿ, ಎಲ್ಲಿಗೂ ಹೋಗಬೇಕಿಲ್ಲ, ನಿಮ್ಮ ನಿಮ್ಮ ಗೋಡೆಯ ಪಕ್ಕದಲ್ಲೇ ನಡೆಯಿರಿ ಎಂದಳು. ತಮ್ಮ ಗೋಡೆಯ ಪಕ್ಕ ನಡೆಯಲು ಯಾರಿಗೆ ತಕರಾರು? ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಎದ್ದರು. ಪಿಟೀಲು ಹೊರಟಿತು. ಎರಡು ಮೆರವಣಿಗೆಗಳೂ ಗೋಡೆಗುಂಟ ಹಿಂಬಾಗಿಲಿನತ್ತ ನಡೆದು, ಒಳಕ್ಕೆ ತಿರುಗಿ, ಎದುರಾದವು.

ಎಡದ ಮೆರವಣಿಗೆಯ ಮುಂಚೂಣಿಯಲ್ಲಿದ್ದವನು ಮೇಪಲ್ ಮರದ ರಸದಿಂದ ಪಾಕ ಕಾಯಿಸುವ ಮಾರ್ಟಿನ್ ಗೋವ್, ನನ್ನ ನೆರೆಯವನು. ಬಲದ ಮುಂಚೂಣಿಯಲ್ಲಿ ಹಾಲಿನವನಾದ ವೇಯ್ನ್ ಕೊಲ್ಬಿ. ಸಭೆಯಲ್ಲಿ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಕರೆದವರು ಇವರೇ. ಇನ್ನು ಪಕ್ಕಪಕ್ಕದಲ್ಲಿ ತಿರುಗಿ ನಾಲ್ವರ ಸಾಲಾಗಿ ನಡುವೆ ಬರಬೇಕು. ಮಾರ್ಟಿನ್ ನಿಂತುಬಿಟ್ಟ. ಅವನ ಹಿಂದೆ ಎಡದ ಮೆರವಣಿಗೆಯೆಲ್ಲ ನಿಂತಿತು. ವೇಯ್ನ್ ನಿಂತ, ಬಲದ್ದೂ ನಿಂತಿತು.

ಮೈಕ್ ನನ್ನ ಕೈಯಲ್ಲಿದ್ದಿದ್ದರೆ ನಾನು ಏನಾದರೂ ಚಮತ್ಕಾರದ ಮಾತಾಡಿ, ನಗಿಸಿ, ಎಲ್ಲರನ್ನೂ ಬೆಂಚಿಗೆ ವಾಪಸು ಕಳಿಸಿ, ಚೌಕ ಕರೆದುಬಿಡುತ್ತಿದ್ದೆ. ಅರ್ಧ ಎದ್ದೇಬಿಟ್ಟಿದ್ದೆ. ಜೂನಿ ಮುಖಗಳತ್ತ ನೋಡಲಿಲ್ಲ. ಕಾಲುಗಳತ್ತ ನೋಡಿದಳು. "ನಿಂತಲ್ಲೇ ಹೆಜ್ಜೆ ಹಾಕ್ತಾ ಇರಿ. ಎಡ, ಬಲ. ಹಿಂದಿನವರಿಗೆ ಕಾಯೋಕೆ ಬೇಜಾರಿಲ್ಲ" ಎಂದಳು, ದನಿ ಏರಿಸದೆ. ಆಗ ಡೆಲ್ಬರ್ಟ್ ಮಾಡಿದ್ದನ್ನು ಬರೆದಿಡಲೇಬೇಕು. ರಾಗದ ಸಾಲನ್ನು ಅವನು ಮುಗಿಸಲಿಲ್ಲ. ಮುಗಿಯಲು ಒಂದೇ ಸ್ವರ ಬಾಕಿಯಿರುವಾಗ ಹಿಂದಕ್ಕೆ ಸರಿದು ಮತ್ತೆ ಅದೇ ಸಾಲನ್ನು ನುಡಿಸಿದ, ಮತ್ತೆ ಅಲ್ಲಿಯವರೆಗೆ ಬಂದು ಮತ್ತೆ ಸರಿದ. ಇಡೀ ಭವನದ ಕಿವಿ ಆ ಒಂದು ಸ್ವರಕ್ಕಾಗಿ ಚಡಪಡಿಸುತ್ತಿತ್ತು. ಬಾಗಿಲು ತೆರೆದು ಹಿಡಿದುಕೊಂಡು, ಅವಸರವಿಲ್ಲ, ಒಳಗೆ ಬನ್ನಿ ಎಂದು ಕಾಯುವವನಂತೆ ನುಡಿಸುತ್ತಿದ್ದ. ಈ ಜಿಲ್ಲೆಯಲ್ಲಿ ಇನ್ಯಾವ ಪಿಟೀಲಿನವನೂ ಅದನ್ನು ಮಾಡಲಾರ.

ಮಾರ್ಟಿನ್‌ನ ಹೆಂಡತಿ ಗಂಡನ ತೋಳನ್ನು ಎಳೆದಳು. "ನಂಗೆ ಕಾಲು ನೋಯ್ತಿದೆ ಮಾರ್ಟಿನ್. ನೀನು ಬರ್ದಿದ್ರೆ ನಾನು ವೇಯ್ನ್ ಜೊತೆ ಹೋಗ್ತೀನಿ" ಎಂದದ್ದು ನಾನು ಕುಳಿತಲ್ಲಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ಮಾರ್ಟಿನ್ ತಿರುಗಿದ. ವೇಯ್ನ್ ತಿರುಗಿದ. ನಾಲ್ವರೂ ಭುಜಕ್ಕೆ ಭುಜ ತಾಕಿಸಿ ನಡುವೆ ಬಂದರು. ಡೆಲ್ಬರ್ಟ್ ಆ ಸ್ವರವನ್ನು ಕೊಟ್ಟ.

ಆಮೇಲೆ ಎಲ್ಲೂ ತಡೆಯಾಗಲಿಲ್ಲ. ನಾಲ್ಕು ನಾಲ್ಕಾಗಿ ಬಂದು ಒಡೆದು, ಎಂಟೆಂಟಾಗಿ ಸೇರಿ, ಸಾಲುಗಳು ಬಾಗಿ ಚೌಕಗಳಾದವು. ನಡುವಿನ ಬರಿಯ ನೆಲ ಕಾಣದಾಯಿತು. ಯಾರು ಯಾವ ಕಡೆಯವರೆಂದು ನಾನು ಹುಡುಕಿ ನೋಡಬೇಕಾಯಿತು, ಹುಡುಕುವುದನ್ನು ಬೇಗ ಬಿಟ್ಟೆ.

ವೇದಿಕೆಯ ಬುಡದ ಕೊನೆಯ ಚೌಕದಲ್ಲಿ ಮಾತ್ರ ಮೂರೇ ಜೋಡಿ ಇದ್ದವು.

ಚೌಕ ತುಂಬದೆ ಕರೆಗಾರ ನೃತ್ಯ ಆರಂಭಿಸುವುದಿಲ್ಲ. ನಮ್ಮ ಅಜ್ಜಂದಿರ ಕಾಲದಿಂದ ಇದು ಹೀಗೆಯೇ; ಒಂದು ಚೌಕದಲ್ಲಿ ಜಾಗ ಖಾಲಿಯಿದ್ದರೆ ಉಳಿದವರೆಲ್ಲ ಕೈಕೈ ಹಿಡಿದು ಕಾಯುತ್ತಾರೆ. "ಒಂದು ಜೋಡಿ ಕಮ್ಮಿ ಇದೆ" ಎಂದಳು ಜೂನಿ. ಎಲ್ಲರೂ ಸುತ್ತ ನೋಡಿದರು. ಎರಡೂ ಗೋಡೆಯ ಬೆಂಚುಗಳು ಖಾಲಿ. ಕುಳಿತಿದ್ದವನು ನಾನೊಬ್ಬನೇ, ಒಬ್ಬನಿಂದ ಜೋಡಿಯಾಗುವುದಿಲ್ಲ. ಹುಡುಗಿ ಕಾದಳು. ಮತ್ತೆ ಹೇಳಿದಳು, ಈ ಸಲ ನನ್ನನ್ನೇ ನೋಡಿ: "ಮೇಷ್ಟ್ರೇ, ಒಂದು ಜೋಡಿ ಕಮ್ಮಿ ಇದೆ. ತುಂಬೋವರೆಗೂ ನಾನು ಕರೆಯಲ್ಲ."

ವರ್ನಾ ಪಿಯಾನೋದಿಂದ ತಲೆಯೆತ್ತದೆ, "ಪಿಟೀಲು ಕೆಳಗಿಡು, ಡೆಲ್. ಈ ಕುಣಿತಕ್ಕೆ ನನ್ನೆರಡು ಕೈ ಸಾಕು" ಎಂದಳು.

ಅವನು ಪಿಟೀಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ನೋಯುವ ಮೊಣಕಾಲನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಇನ್ನೊಬ್ಬರನ್ನು ಕುಣಿಸುತ್ತ ಬಂದವನು ಬರಿಗೈಯಲ್ಲಿ ನಿಂತಾಗ ಎಷ್ಟು ಕುಳ್ಳಗೆ ಕಾಣುತ್ತಾನೆ. ನಾನೂ ಎದ್ದೆ. ಖಾಲಿ ಜಾಗದಲ್ಲಿ ಇಬ್ಬರೂ ನಿಂತೆವು, ಯಾರು ಎಡಕ್ಕೆ ಯಾರು ಬಲಕ್ಕೆ ಎಂದು ತಿಳಿಯದೆ.

"ಹುಡುಗರಾಗಿದ್ದಾಗಿಂದ ನೀನು ಹೇಳಿದ ಹಾಗೆ ಜನ ತಿರುಗ್ತಾ ಬಂದಿದಾರೆ, ಆರ್ಲೋ" ಎಂದ. "ನಿಂಗೆ ತಿರುಗೋಕೆ ಬರುತ್ತಾ ನೋಡೋಣ."

ಬರಲಿಲ್ಲ. ಜೂನಿಯ ಮೊದಲ ಕರೆಗೆ ನಾನು ಎಡಕ್ಕೆ ಹೊರಟೆ, ಊರೆಲ್ಲ ಬಲಕ್ಕೆ ಹೊರಟಿತ್ತು. ವೇದಿಕೆಯಿಂದ ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆ. ನನ್ನ ಮೈ ಅದನ್ನೇ ಕಲಿತಿತ್ತು. ಕೊಲ್ಬಿಯ ಹೆಂಡತಿಗೆ ಡಿಕ್ಕಿ ಹೊಡೆದೆ. ಡೆಲ್ ನನ್ನ ತೋಳು ಹಿಡಿದು ಎಳೆದು ತಿರುಗಿಸಿದ. "ಬಲಕ್ಕೆ ಕಣೋ ಮಾರಾಯ, ಬಲಕ್ಕೆ. ಇಷ್ಟು ದಿನ ಜನ ಹೇಗೆ ಬದುಕಿಕೊಂಡ್ರೋ" ಎಂದ. ಮಾರ್ಟಿನ್ ನಕ್ಕ, ವೇಯ್ನ್ ನಕ್ಕ. ಇಬ್ಬರೂ ಸೇರಿ ನಗುವುದಕ್ಕೆ ಒಂದು ವಿಷಯ ಸಿಕ್ಕಿತ್ತು, ಅದು ನಾನು. ಆಗಲಿ.

ಸುತ್ತುವ ಹೆಜ್ಜೆ ಬಂತು. ಬಲಪಾದ ಬಲಪಾದದ ಪಕ್ಕಕ್ಕೆ, ಕೈ ಬೆನ್ನಿನ ಮೇಲೆ, ಭಾರವನ್ನು ಹಿಂದಕ್ಕೆ ಬಿಡುವುದು. ಸಾವಿರ ಸಲ ಕೂಗಿ ಹೇಳಿದ್ದೇನೆ: ಹಿಂದಕ್ಕೆ ವಾಲಿ, ಎದುರಿನವರು ಹಿಡಿದುಕೊಳ್ಳುತ್ತಾರೆ. ಕೂಗುವುದು ಸುಲಭ. ವಾಲಿದೆ. ಡೆಲ್ ಹಿಡಿದುಕೊಂಡ. ಅವನು ವಾಲಿದ, ನಾನು ಹಿಡಿದುಕೊಂಡೆ. ಇಬ್ಬರಲ್ಲಿ ಯಾರು ಕೈಬಿಟ್ಟರೂ ಇಬ್ಬರೂ ಬೀಳಬೇಕು, ಯಾರೂ ಬಿಡಲಿಲ್ಲ.

ಆಮೇಲೆ ಜೂನಿ ಸಾಲುಕುಣಿತಗಳನ್ನು ಕರೆದಳು, ಒಂದರ ಹಿಂದೊಂದು. ಡೆಲ್ ವೇದಿಕೆಗೆ ಮರಳಿದ, ನಾನು ಮರಳಲಿಲ್ಲ. ಸಾಲಿನಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಸರಿಯುತ್ತ ಊರಿನ ಪ್ರತಿ ಕೈಯನ್ನೂ ಹಿಡಿದೆ. ಹಾಲು ಕರೆಯುವ ಒರಟು ಕೈ, ಹಿಟ್ಟು ನಾದುವ ಮೆತ್ತನೆ ಕೈ, ಬೆವರಿದ ಮಕ್ಕಳ ಕೈ. ಪ್ರತಿ ಸಲ ತಲೆಯೆತ್ತಿದಾಗಲೂ ವೇದಿಕೆಯ ಮೇಲೆ ಆ ಹುಡುಗಿ ಬರಿಗೈಯಲ್ಲಿ ನಿಂತು, ನಮ್ಮ ಕಾಲುಗಳನ್ನು ನೋಡುತ್ತ, ಹೆಜ್ಜೆಗಿಂತ ಕೂದಲೆಳೆಯಷ್ಟು ಮುಂಚೆ ಮಾತನ್ನು ಇಡುತ್ತಿದ್ದಳು. ಊರೊಂದು ಅವಳ ಮಾತಿನ ಮೇಲೆ ಕಾಲಿಟ್ಟು ನಡೆಯುತ್ತಿತ್ತು. ಇದನ್ನು ನಾನು ಕಲಿಸಿದೆನೆಂದು ಜನ ಹೇಳಿದರು. ನಾನು ಮಾಡಿದ್ದು ಅವಳ ಕೈಯಿಂದ ಚೀಟಿ ಕಸಿದುಕೊಂಡದ್ದಷ್ಟೆ, ಉಳಿದದ್ದು ಅವಳದು. ಆದರೂ ಯಾರಿಗೂ ಅಲ್ಲವೆನ್ನಲಿಲ್ಲ. ಅಷ್ಟು ಹೆಮ್ಮೆ ನನಗಿರಲಿ.

ಮುಗಿದ ಮೇಲೆ ಸಮಿತಿಯವರು ಎರಡೂ ಹಂಡೆಗಳ ಕಾಫಿ ಖಾಲಿಯಾಗಿರುವುದನ್ನು ಕಂಡರು. ಯಾರು ಯಾವುದರಿಂದ ಕುಡಿದರೋ ಯಾರಿಗೂ ನೆನಪಿರಲಿಲ್ಲ. ವರ್ನಾ ಜೂನಿಯ ಬಳಿ ಹೋಗಿ ಜೂನ್ ತಿಂಗಳಿಗೆ ಯಾವ ರಾಗಗಳೆಂದು ಕೇಳಿದಳು. ಜೂನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ವೇದಿಕೆಯ ಅಂಚಿನಲ್ಲಿ ಕುಳಿತು ಅತ್ತಳು.

ಮೇ ೨೩, ಗುರುವಾರ

ಅಣೆಕಟ್ಟೆಯ ವಿಷಯ ಇದ್ದ ಹಾಗೆಯೇ ಇದೆ, ಆಗಸ್ಟಿನಲ್ಲಿ ಒಡೆಯುತ್ತಾರೆ. ಮಾರ್ಟಿನ್ ಇನ್ನೂ ಅಂಗಡಿಯಲ್ಲಿ ಗಟ್ಟಿಯಾಗಿ ಬೈಯುತ್ತಾನೆ, ವೇಯ್ನ್ ಅಷ್ಟೇ ಗಟ್ಟಿಯಾಗಿ ಉತ್ತರ ಕೊಡುತ್ತಾನೆ. ಬೈಯುವಾಗ ಈಗ ಒಂದೇ ಮೇಜಿಗೆ ಕುಳಿತಿರುತ್ತಾರೆ.

ಬೆಳಿಗ್ಗೆ ಡೆಲ್ ಬಂದಿದ್ದ. ಕಿಟಕಿಯ ಪಕ್ಕ ಕುಳಿತು ಕಾಫಿ ಕುಡಿಯುತ್ತ ಬಹಳ ಹೊತ್ತು ನೀರನ್ನು ನೋಡಿದ. "ಚೆಂದ ಇದೆ ಕಣೋ. ಇಷ್ಟು ಚೆಂದ ಅಂತ ಗೊತ್ತಿರ್ಲಿಲ್ಲ" ಎಂದ. ಹೊಳೆಯಾದ ಮೇಲೂ ಬಂದು ನೋಡು ಎಂದೆ. ಆಮೇಲೆ ಅಡುಗೆಮನೆಯ ನೆಲದ ಮೇಲೆ ಅವನು ನನಗೆ ಎಡ ಬಲ ಹೇಳಿಕೊಟ್ಟ, ನಾನು ಎರಡು ಸಲ ಅವನ ಕಾಲು ತುಳಿದೆ.

ಮಧ್ಯಾಹ್ನ ವೈದ್ಯೆ ಗಂಟಲು ನೋಡಿ, ಪೂರ್ತಿ ವಾಸಿಯಾಗಿದೆ, ಇನ್ನು ಎಷ್ಟು ಬೇಕಾದರೂ ಕೂಗಬಹುದೆಂದಳು. ಸುದ್ದಿ ನನಗಿಂತ ಮುಂಚೆ ಊರು ತಲುಪಿತ್ತು. ಸಂಜೆ ವರ್ನಾ ಬಂದು, ಜೂನ್ ನೃತ್ಯದಲ್ಲಿ ಅರ್ಧ ಸಂಜೆ ನೀನು ಕರೆ, ಅರ್ಧ ಜೂನಿ ಕರೆಯಲಿ, ಏನೆನ್ನುತ್ತೀಯೆಂದು ಕೇಳಿದಳು.

ಆಗುವುದಿಲ್ಲವೆಂದೆ. ನಾನು ವೇದಿಕೆ ಹತ್ತಿದರೆ ಕೆಳಗೆ ಆ ಚೌಕದಲ್ಲಿ ಒಂದು ಜೋಡಿ ಕಡಿಮೆಯಾಗುತ್ತದೆ, ಜೂನಿ ಕರೆಯುವುದಿಲ್ಲ.